ನಾಕ್ಸ್ ತಡೆಯುವ ಯಂತ್ರದ ಏಜೆನ್ಸಿ ಹಿಡಿಯಲೋ ಬೇಡವೋ? ತುಮಕೂರು, ಕೋಲಾರ ಕಡೆಯವರು ಹೇಳಿ

ಅಂತರಸನಹಳ್ಳಿ ಶೀಟ್‌ಮೆಟಲ್, ತುಮಕೂರು

ಎಲ್ಲರಿಗೂ ನಮಸ್ಕಾರ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ನನ್ನನ್ನೂ ಸೇರಿಸಿ ಏಳು ಜನ. ಚಿಮಣಿ, ಡಕ್ಟ್, ದೂಳು ಹಿಡಿಯುವ ಸೈಕ್ಲೋನ್, ಬ್ಯಾಗ್ ಫಿಲ್ಟರಿನ ಡಬ್ಬ, ಏಣಿ, ಪ್ಲಾಟ್‌ಫಾರಂ, ಹೀಗೆ ಹೊಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ತಗಡಿನ ಕೆಲಸ ಬರುತ್ತೋ ಅದನ್ನೆಲ್ಲ ಮಾಡುತ್ತೇವೆ. ಗಿರಾಕಿಗಳಲ್ಲಿ ಅಕ್ಕಿ ಗಿರಣಿಯವರೇ ಜಾಸ್ತಿ. ವಸಂತನರಸಾಪುರದಲ್ಲಿ ಒಂದಷ್ಟು ಫ್ಯಾಕ್ಟರಿಗಳಿವೆ. ತಿಪಟೂರು ಕಡೆ ತೆಂಗಿನ ಚಿಪ್ಪು ಸುಡುವವರು ಇಬ್ಬರಿದ್ದಾರೆ.

ಎರಡು ತಿಂಗಳ ಹಿಂದೆ ಹೊರ ರಾಜ್ಯದ ಒಂದು ಕಂಪನಿಯವರು ಶೆಡ್ ಹುಡುಕಿಕೊಂಡು ಬಂದರು. ನಾಕ್ಸ್ ಅಂದರೆ ಬೆಂಕಿಯಲ್ಲೂ ನೈಟ್ರಿಕ್ ಆಸಿಡ್ಡಿನಿಂದಲೂ ಹುಟ್ಟುವ ಸಾರಜನಕದ ಆಕ್ಸೈಡ್ ಅನಿಲ. ಅದನ್ನು ತಡೆಯುವ ಎಸ್‌ಸಿಆರ್ ಯಂತ್ರ ಮಾಡುತ್ತಾರಂತೆ. ಹೊಗೆಗೆ ಯೂರಿಯಾ ನೀರು ಚಿಮುಕಿಸಿ, ಕ್ಯಾಟಲಿಸ್ಟ್ ಮೂಲಕ ಹಾಯಿಸಿ ನಾಕ್ಸ್ ಕಳೆಯುವ ಯಂತ್ರ ಅದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗೆ ನೀವೊಬ್ಬರೇ ಏಜೆಂಟ್, 18 ಲಕ್ಷ ಡೆಪಾಸಿಟ್ ಕಟ್ಟಿ ಅಂದರು. ಬಣ್ಣದ ಪುಸ್ತಕ ತೋರಿಸಿದರು. ಅದರಲ್ಲಿ ಮಾರುಕಟ್ಟೆ ವರ್ಷ ವರ್ಷಕ್ಕೂ ಏರುತ್ತಾ ಹೋಗುವ ಗ್ರಾಫ್ ಇತ್ತು. ಅದು ಇಡೀ ಜಗತ್ತಿನ ಲೆಕ್ಕ. ಶಿರಾ ರಸ್ತೆಯಲ್ಲಿ ನಮ್ಮದೊಂದು ಸೈಟ್ ಇದೆ. ಅದನ್ನು ಅಡವಿಟ್ಟರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ.

ಮನೆಯವಳು ಒಂದೇ ಮಾತು ಕೇಳಿದಳು. "ಈ ಯಂತ್ರ ತಗೊಳ್ಳೋ ಹತ್ತು ಜನದ ಹೆಸರು ಬರೀರಿ ನೋಡೋಣ." ಪೆನ್ನು ಹಿಡಿದು ಕೂತೆ. ಮೂರಕ್ಕೆ ನಿಂತಿತು. ಆ ಮೂರೂ ಖಾತ್ರಿ ಇಲ್ಲ.

ಹಾಗಂತ ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ. ಕಾರಣ ನಮ್ಮ ಶೆಡ್ಡಿನ ಹುಡುಗ. ಹೋದ ವರ್ಷ ಸ್ಟೇನ್‌ಲೆಸ್ ಸ್ಟೀಲ್ ಪಿಕ್ಲಿಂಗ್ ಮಾಡುವ, ಅಂದರೆ ಆಸಿಡ್ಡಿನಲ್ಲಿ ಅದ್ದಿ ಸ್ವಚ್ಛ ಮಾಡುವ ಒಂದು ಕಡೆ ಡಕ್ಟ್ ರಿಪೇರಿಗೆ ಅವನನ್ನು ಕಳಿಸಿದ್ದೆ. ನೈಟ್ರಿಕ್ ಆಸಿಡ್ಡಿನ ತೊಟ್ಟಿ. ಮೇಲೆ ಹೊಗೆ ಎಳೆಯುವ ಹುಡ್ ತೂತು ಬಿದ್ದಿತ್ತು. ನಾವು ಬರುವ ಹೊತ್ತಿಗೆ ತೊಟ್ಟಿ ಖಾಲಿ ಇರುತ್ತೆ ಅಂದಿದ್ದರು. ಖಾಲಿ ಇರಲಿಲ್ಲ. ನಾನು ಹೋಗಿ ನೋಡಿದಾಗ ಹುಡ್ಡಿನ ಸಂದಿಯಿಂದ ಕಂದು ಹೊಗೆ ಬರುತ್ತಿತ್ತು. ಡಿಕಾಕ್ಷನ್‌ಗೆ ನೀರು ಬೆರೆಸಿದರೆ ಬರುತ್ತದಲ್ಲ, ಆ ಬಣ್ಣ. ಭಾರವಾಗಿ ತೊಟ್ಟಿಯ ಅಂಚಿನಿಂದ ಕೆಳಗೆ ಇಳಿಯುತ್ತಿತ್ತು. ಹುಡುಗ ಅದರೊಳಗೆ ಇಪ್ಪತ್ತು ನಿಮಿಷ ಇದ್ದ. ಹೊರಗೆ ಬಂದು ಸ್ವಲ್ಪ ಕೆಮ್ಮಿದ. ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದ. ಸಂಜೆ ಸೈಕಲ್ ಹತ್ತಿ ಮನೆಗೆ ಹೋದ. ರಾತ್ರಿ ಹನ್ನೊಂದಕ್ಕೆ ಅವರಮ್ಮನ ಫೋನು, ಉಸಿರು ಎಳೆದುಕೊಳ್ಳೋಕೇ ಆಗ್ತಿಲ್ಲ ಅಂತ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಈ ಅನಿಲ ಹೀಗೇ, ಕುಡಿದ ಹೊತ್ತಿಗೆ ಏನೂ ಅನ್ನಿಸುವುದಿಲ್ಲ, ಗಂಟೆಗಟ್ಟಲೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಅಂತ ಡಾಕ್ಟರು ಹೇಳಿದರು. ಈಗ ಕೆಲಸಕ್ಕೆ ಬರುತ್ತಾನೆ. ಏಣಿ ಹತ್ತಲು ನಾನು ಬಿಡುವುದಿಲ್ಲ.

ಆ ಕಂದು ಹೊಗೆಯೂ ನಾಕ್ಸೇ. ಅಲ್ಲಿಂದ ಈ ಅನಿಲದ ಬಗ್ಗೆ ಓದುತ್ತಿದ್ದೇನೆ. ಅದಕ್ಕೇ ಈ ಕೆಲಸಕ್ಕೆ ಇಳಿಯಬೇಕು ಅಂತ ಆಸೆ. ನಮ್ಮ ಮೂರು ಜಿಲ್ಲೆಯಲ್ಲಿ ಈ ಮಾರುಕಟ್ಟೆ ನಿಜಕ್ಕೂ ಬೆಳೆಯುತ್ತಾ? ಎಸ್‌ಸಿಆರ್ ಮಾರಬಹುದಾ? ಅದಲ್ಲದಿದ್ದರೆ ತಗಡು ಬಗ್ಗಿಸುವ ನಮ್ಮಂಥವರಿಗೆ ಇದರಲ್ಲಿ ಬೇರೆ ಏನು ಕೆಲಸ ಇದೆ?

ಶಕ್ತಿನಗರ ನಿವೃತ್ತ, ಕ್ಯಾತ್ಸಂದ್ರ

ನಿಮ್ಮ ಹುಡುಗ ಚೇತರಿಸಿಕೊಂಡಿದ್ದು ಕೇಳಿ ಸಮಾಧಾನ ಆಯ್ತು. ನಾನು ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ವಿಭಾಗದಲ್ಲಿ ಇದ್ದವನು. ಈಗ ನಿವೃತ್ತಿಯಾಗಿ ಮಗನ ಮನೆಯಲ್ಲಿದ್ದೇನೆ.

ನಾಕ್ಸ್ ಯಂತ್ರವನ್ನು ಯಾರೂ ಇಷ್ಟಪಟ್ಟು ಕೊಳ್ಳುವುದಿಲ್ಲ. ದೂಳು ಹಿಡಿದರೆ ಅಕ್ಕಪಕ್ಕದವರ ಬೈಗುಳ ನಿಲ್ಲುತ್ತದೆ. ಆದರೆ ಚಿಮಣಿಯಿಂದ ಹೋಗುವ ನಾಕ್ಸ್ ಬಹುಪಾಲು ಕಣ್ಣಿಗೇ ಕಾಣುವುದಿಲ್ಲ. ಸರ್ಕಾರ ಮಿತಿ ಹಾಕಿ, ಅಳೆದು, ಬಾಗಿಲು ಮುಚ್ಚಿಸುತ್ತೇನೆ ಅಂದಾಗ ಮಾತ್ರ ಕೊಳ್ಳುತ್ತಾರೆ. ಎಲ್ಲಾ ದೇಶದಲ್ಲೂ ಹೀಗೇ ಆಗಿದೆ. ಎಸ್‌ಸಿಆರ್ ಮೊದಲು ಜಪಾನಿನಲ್ಲಿ 1970ರ ದಶಕದ ಕೊನೆಗೆ ಬಂತು. ಜರ್ಮನಿಯಲ್ಲಿ 1983ರಲ್ಲಿ ಕಾನೂನು ಬಿಗಿಯಾಯಿತು, ಮುಂದಿನ ಕೆಲವೇ ವರ್ಷಗಳಲ್ಲಿ ಅವರ ಬಹಳಷ್ಟು ದೊಡ್ಡ ಸ್ಥಾವರಗಳು ಹಾಕಿಕೊಂಡವು. ಚೀನಾ 2011ರಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಘನ ಮೀಟರ್ ಹೊಗೆಗೆ 100 ಮಿಲಿಗ್ರಾಂ ಮಿತಿ ತಂದಿತು. ಜಗತ್ತಿನಲ್ಲಿ ಹಿಂದೆಂದೂ ಆಗದಷ್ಟು ದೊಡ್ಡ ಮಾರಾಟ ಆಮೇಲೆ ಅಲ್ಲಿ ಆಯ್ತು. ಆ ಅಲೆ ಮುಗಿದ ಮೇಲೆ ಹೊಸ ಯಂತ್ರದ ಮಾರಾಟ ಬಿತ್ತು, ಕ್ಯಾಟಲಿಸ್ಟ್ ಬದಲಾಯಿಸುವ ಕೆಲಸ ಉಳಿಯಿತು.

ಈಗ ನಮ್ಮ ದೇಶದ ಕಥೆ ಕೇಳಿ. ಇದು ನಿಮ್ಮ 18 ಲಕ್ಷಕ್ಕೆ ನೇರ ಸಂಬಂಧ ಇರುವ ವಿಷಯ. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಮಂತ್ರಾಲಯ ಕಲ್ಲಿದ್ದಲು ಸ್ಥಾವರಗಳಿಗೆ ನಾಕ್ಸ್ ಮಿತಿ ಹಾಕಿತು. 2003ರ ಕೊನೆಯೊಳಗೆ ಶುರುವಾದ ಘಟಕಕ್ಕೆ 600 ಮಿಲಿಗ್ರಾಂ. 2004ರಿಂದ 2016ರವರೆಗಿನದಕ್ಕೆ 300. ಅದರ ನಂತರದ್ದಕ್ಕೆ 100. ನಮ್ಮ ರಾಯಚೂರಿನ ಘಟಕಗಳಲ್ಲಿ ಮೊದಲನೆಯದು 1985ರದ್ದು, ಅದು 600ರ ಗುಂಪು. ಮಧ್ಯದ 300 ಇತ್ತಲ್ಲ, ಅದನ್ನು ನೋಡಿಯೇ ಎಸ್‌ಸಿಆರ್ ಕಂಪನಿಗಳು ಭಾರತಕ್ಕೆ ಓಡಿ ಬಂದವು. ಸ್ಥಾವರಗಳಲ್ಲಿ ಪರೀಕ್ಷೆಯೂ ನಡೆಯಿತು. ಆದರೆ ನಮ್ಮ ಕಲ್ಲಿದ್ದಲಲ್ಲಿ ಬೂದಿಯೇ ನೂರಕ್ಕೆ 35ರಿಂದ 45 ಪಾಲು. ಕ್ಯಾಟಲಿಸ್ಟ್ ಅಂದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿ ಇರುವ ಇಟ್ಟಿಗೆ. ಮರಳಿನಂಥ ಬೂದಿ ಹಗಲೂ ರಾತ್ರಿ ಅದನ್ನು ಉಜ್ಜಿದರೆ ಏನು ಉಳಿದೀತು? 2020ರ ಅಕ್ಟೋಬರಿನಲ್ಲಿ 300 ಅನ್ನೋದನ್ನು 450ಕ್ಕೆ ಸಡಿಲ ಮಾಡಿದರು. 450 ಸಾಕು ಅಂದರೆ ಎಸ್‌ಸಿಆರ್ ಬೇಡ. ಬರ್ನರ್ ಬದಲಾಯಿಸಿ, ಗಾಳಿಯನ್ನು ಮೇಲೊಂದಿಷ್ಟು ಕೆಳಗೊಂದಿಷ್ಟು ಹಂಚಿ ಕೊಟ್ಟರೆ ಆಗುತ್ತದೆ. ಒಂದೇ ಆದೇಶದಲ್ಲಿ ಅಷ್ಟು ದೊಡ್ಡ ಮಾರುಕಟ್ಟೆ ಕರಗಿತು.

ಹಾಗಾಗಿ ಆ ಪುಸ್ತಕದ ಗ್ರಾಫ್ ಪಕ್ಕಕ್ಕಿಡಿ. ನಿಮ್ಮ ಗಿರಾಕಿಯ ಕನ್ಸೆಂಟ್ ಪತ್ರ ತೆರೆಸಿ ನೋಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿರುವ ಆ ಪತ್ರದಲ್ಲಿ ನಾಕ್ಸ್ ಅಂತ ಒಂದು ಸಾಲು ಇದೆಯಾ, ಇದ್ದರೆ ಎಷ್ಟು ಅಂತ ಬರೆದಿದೆ, ಕಳೆದ ಬಾರಿ ಅಳೆದಾಗ ಎಷ್ಟು ಬಂತು. 2018ರ ಜನವರಿಯಲ್ಲಿ ಕೈಗಾರಿಕಾ ಬಾಯ್ಲರ್, ಸುಣ್ಣದ ಗೂಡು, ಗಾಜಿನ ಕುಲುಮೆ, ಸೆರಾಮಿಕ್ ಇವಕ್ಕೂ ಮಿತಿ ಬಂದಿದೆ. ಮಿತಿಗೂ ಅಳತೆಗೂ ನಡುವೆ ಎಷ್ಟು ಅಂತರವೋ ಅಷ್ಟೇ ನಿಮ್ಮ ಮಾರುಕಟ್ಟೆ.

ಸಿಮೆಂಟಿನ ಮಾತೂ ಬರಬಹುದು. ಸಿಮೆಂಟ್ ಗೂಡಿನಲ್ಲಿ ನಾಕ್ಸ್ ಜಾಸ್ತಿ, ನಿಜ. 2014ರ ಆಗಸ್ಟ್ ನಂತರ ಶುರುವಾದ ಗೂಡಿಗೆ 600 ಮಿತಿ. ಆದರೆ ಗೂಡುಗಳು ಹೆಚ್ಚಾಗಿ ಇರೋದು ಕಲಬುರಗಿ ಕಡೆ, ಸೇಡಂ, ವಾಡಿಯಲ್ಲಿ. ನಮ್ಮ ಅಮ್ಮಸಂದ್ರದಲ್ಲಿ ಈಗ ನಡೆಯುವುದು ಪುಡಿ ಮಾಡುವ ಕೆಲಸ.

ಬಾಯ್ಲರ್ ಮನೆ, ಮಾಲೂರು

ಅಣ್ಣ, ಮೇಲೆ ಬರೆದ ಹಿರಿಯರು ದೊಡ್ಡ ಸ್ಥಾವರದ ಲೆಕ್ಕ ಹೇಳಿದ್ದಾರೆ. ನಾನು ಸಣ್ಣ ಬಾಯ್ಲರಿನವನು. ಇಪ್ಪತ್ತೆರಡು ವರ್ಷದಿಂದ ಬೆಂಕಿ ಮುಂದೆ ನಿಂತಿದ್ದೇನೆ.

ಅಕ್ಕಿ ಗಿರಣಿಗೆ ನಾಕ್ಸ್ ಯಂತ್ರ ಮಾರಲು ಹೋಗಲೇಬೇಡಿ. ಗಾಳಿಯಿಂದ ನಾಕ್ಸ್ ಜೋರಾಗಿ ಹುಟ್ಟಬೇಕಾದರೆ ಬೆಂಕಿ 1300 ಡಿಗ್ರಿ ದಾಟಬೇಕು. ಹೊಟ್ಟಿನ ಬೆಂಕಿ ಅಷ್ಟು ಬಿಸಿ ಏರುವುದು ಅಪರೂಪ. ಹೊಟ್ಟಿನೊಳಗೂ ಸಾರಜನಕ ಕಮ್ಮಿ. ಅಲ್ಲಿ ಇರೋದು ಬೂದಿ ಕಾಟ. ಊರಿನವರ ಕಣ್ಣಿಗೆ ಬೀಳೋದು, ಒಗೆದ ಬಟ್ಟೆ ಮೇಲೆ ಕೂರೋದು ಅದೇ. ನೀವು ಈಗ ಮಾಡುತ್ತಿರುವ ಸೈಕ್ಲೋನ್, ಬ್ಯಾಗ್ ಫಿಲ್ಟರೇ ಅವರಿಗೆ ಸರಿಯಾದ ಮದ್ದು. ನಮ್ಮ ಮಾಲೂರಿನ ಇಟ್ಟಿಗೆ, ಹೆಂಚಿನ ಗೂಡುಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಗೂಡಿನ ಬಿಸಿ ಸಾವಿರ ಡಿಗ್ರಿ ಆಚೀಚೆ.

ಇನ್ನೊಂದು ಮಾತು. ಹೊಟ್ಟು, ಕಟ್ಟಿಗೆ, ಚಿಪ್ಪಿನ ಬೂದಿಯಲ್ಲಿ ಪೊಟ್ಯಾಶ್ ಇರುತ್ತೆ. ಗೊಬ್ಬರಕ್ಕೆ ಅದು ಒಳ್ಳೆಯದು, ಎಸ್‌ಸಿಆರ್ ಕ್ಯಾಟಲಿಸ್ಟಿಗೆ ವಿಷ. ಬೇಗ ಸತ್ತುಹೋಗುತ್ತೆ. ನಿಮ್ಮ ಹತ್ತಿರ ಬಂದ ಕಂಪನಿಯವರು ಇದನ್ನು ಹೇಳಿದರಾ? ಹೇಳದೆ ಹೋಗಿದ್ದರೆ ನೀವೇ ಕೇಳಿ.

ಹಾಗಾದರೆ ಸಣ್ಣ ಬಾಯ್ಲರಿನಲ್ಲಿ ನಾಕ್ಸ್ ಎಲ್ಲಿ ಏರುತ್ತೆ? ಪ್ಲೈವುಡ್ ತುಂಡು ಸುಡುವ ಕಡೆ. ಕಟ್ಟಿಗೆಗಿಂತ ಅಗ್ಗಕ್ಕೆ ಸಿಗುತ್ತೆ ಅಂತ ತರುತ್ತಾರೆ. ಆ ಹಲಗೆ ಅಂಟಿಸಿರೋದು ಯೂರಿಯಾ ಸೇರಿಸಿ ಮಾಡಿದ ಅಂಟಿನಿಂದ. ಯೂರಿಯಾ ಅಂದರೇ ಸಾರಜನಕ. ಬೆಂಕಿ ತಣ್ಣಗಿದ್ದರೂ ಅದು ನಾಕ್ಸ್ ಆಗಿ ಹೋಗುತ್ತೆ. ಹಿಂದೆ ನಾನಿದ್ದ ಒಂದು ಕಡೆ ಹೀಗೇ ಆಗಿತ್ತು. ರಿಪೋರ್ಟಿನಲ್ಲಿ ನಾಕ್ಸ್ ಹೆಚ್ಚು ಬಂತು ಅಂತ ಮಾಲೀಕರು ಗಾಬರಿ. ಯಂತ್ರ ಹಾಕಿಸೋಣ ಅಂದರು. ನಾನು ಒಂದು ವಾರ ಕೊಡಿ ಅಂದೆ. ಪ್ಲೈವುಡ್ ನಿಲ್ಲಿಸಿದೆವು. ಫ್ಯಾನಿನ ಡ್ಯಾಂಪರ್ ತಿರುಗಿಸಿ ಜಾಸ್ತಿ ಗಾಳಿ ಕಡಿಮೆ ಮಾಡಿದೆವು. ಹೊಗೆಯಲ್ಲಿ ಆಮ್ಲಜನಕ ನೂರಕ್ಕೆ 11 ಪಾಲು ಇದ್ದದ್ದು 7ಕ್ಕೆ ಬಂತು. ಮತ್ತೆ ಅಳೆದಾಗ ಮಿತಿಯೊಳಗೆ ಇತ್ತು. ಕಟ್ಟಿಗೆಯೂ ಉಳಿಯಿತು.

ಇದರಲ್ಲೂ ನಿಮಗೆ ಕೆಲಸ ಇದೆ ನೋಡಿ. ಎಷ್ಟೋ ಕಡೆ ಡ್ಯಾಂಪರ್ ಹಿಡಿಯೇ ಮುರಿದಿರುತ್ತೆ. ತಂತಿ ಕಟ್ಟಿ ನಿಲ್ಲಿಸಿರುತ್ತಾರೆ. ಡಕ್ಟ್ ಜಾಯಿಂಟಿನಲ್ಲಿ ಗಾಳಿ ಒಳಗೆ ಎಳೆಯುತ್ತಿರುತ್ತೆ. ಅದನ್ನು ಸರಿ ಮಾಡಿಕೊಡಿ. ಈಗ ತುಮಕೂರಿಗೂ ಪೈಪಿನ ಗ್ಯಾಸ್ ಬಂದಿದೆ ಅಲ್ವಾ? ಫರ್ನೇಸ್ ಆಯಿಲ್ ಬಿಟ್ಟು ಗ್ಯಾಸಿಗೆ ಬರುವವರು ಲೋ ನಾಕ್ಸ್ ಬರ್ನರ್ ಹಾಕಿಸುತ್ತಾರೆ. ಬರ್ನರ್ ಕಂಪನಿಯದ್ದು. ಆದರೆ ಹೊಗೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲನ್ನು ತಿರುಗಿಸಿ ಬರ್ನರಿಗೇ ಕೊಡುವ ಡಕ್ಟ್ ಇರುತ್ತೆ. ಬೆಂಕಿ ತಂಪಾಗಲಿ ಅಂತ. ಆ ಡಕ್ಟ್ ಸ್ಥಳೀಯರೇ ಮಾಡಬೇಕು.

ಅಂತರಸನಹಳ್ಳಿ ಶೀಟ್‌ಮೆಟಲ್

ಇಬ್ಬರಿಗೂ ತುಂಬಾ ಉಪಕಾರ ಆಯ್ತು. ಪೊಟ್ಯಾಶ್ ವಿಷಯ ಆ ಕಂಪನಿಯವರು ಎತ್ತಲೇ ಇಲ್ಲ. ನನ್ನ ಪಟ್ಟಿಯ ಮೂರು ಹೆಸರಲ್ಲಿ ಎರಡು ಚಿಪ್ಪು ಸುಡುವವರದ್ದು. ಅವು ಇವತ್ತೇ ಹೋದವು. ನಿನ್ನೆ ನಾಲ್ಕು ಗಿರಾಕಿಗಳ ಕನ್ಸೆಂಟ್ ಪತ್ರ ನೋಡಿದೆ. ನಾಲ್ವರಿಗೂ ದೂಳಿನ ಮಿತಿಯೇ ದೊಡ್ಡ ತಲೆನೋವು.

ಕಂಪನಿಯವರಿಗೆ ಫೋನ್ ಮಾಡಿದೆ. ಬಾಯ್ಲರ್ ಬೇಡ ಅಂದರೆ ಜನರೇಟರ್ ಇದೆ, ಯೂರಿಯಾ ನೀರು ನೀವೇ ಮಾಡಿ ಮಾರಬಹುದು, ಅದರಲ್ಲೇ ಲಾಭ ಅಂದರು. ರೈತರಿಗೆ ಸಿಗೋ ಯೂರಿಯಾ ಕರಗಿಸಿದರೆ ಸಾಕಂತೆ. ನನಗೆ ಇದು ಸರಿ ಅನ್ನಿಸಲಿಲ್ಲ. ಜನರೇಟರ್ ಬಲ್ಲವರು ಯಾರಾದರೂ ಹೇಳಿ.

ಡಿಜಿ ಸರ್ವಿಸ್, ಗೌರಿಬಿದನೂರು

ಸಾರ್, ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ರೈತರ ಯೂರಿಯಾಗೆ ಸರ್ಕಾರ ಸಬ್ಸಿಡಿ ಕೊಡುತ್ತೆ. 45 ಕೆಜಿ ಮೂಟೆ ರೈತನ ಹೊಲಕ್ಕೆ ಹೋಗಬೇಕು. ಫ್ಯಾಕ್ಟರಿಗೆ ತಿರುಗಿಸಿದರೆ ಅಪರಾಧ, ಕೇಸ್ ಆಗುತ್ತೆ. ಮುಂಗಾರಿನಲ್ಲಿ ನಮ್ಮೂರ ಗೊಬ್ಬರದ ಅಂಗಡಿ ಮುಂದೆ ಬೆಳಗಿನ ಜಾವ ಚಪ್ಪಲಿ ಸಾಲಿಟ್ಟು ಕಾಯುವವರನ್ನು ನೋಡಿದ್ದೇನೆ. ನಮ್ಮಪ್ಪನೂ ಆ ಸಾಲಿನಲ್ಲಿ ನಿಂತವರೇ. ಅವರ ಮೂಟೆ ತಂದು ಜನರೇಟರಿಗೆ ಸುರಿಯೋದು ತಪ್ಪು.

ಯಂತ್ರಕ್ಕೂ ಅದು ಆಗದು. 2015ರಿಂದ ರೈತರ ಯೂರಿಯಾಗೆಲ್ಲ ಬೇವಿನ ಎಣ್ಣೆ ಲೇಪ ಇರುತ್ತೆ. ಅದನ್ನು ಕರಗಿಸಿ ಹಾಕಿದರೆ ಚಿಮುಕಿಸುವ ನಾಝಲ್ ಕಟ್ಟುತ್ತೆ, ಕ್ಯಾಟಲಿಸ್ಟ್ ಹಾಳು. ಡೆಫ್ ಅಂತ ಬಂಕಿನಲ್ಲಿ ಲಾರಿಗಳಿಗೆ ಸಿಗುತ್ತಲ್ಲ, ಅದು ಬೇರೆ. ಶುದ್ಧ ಟೆಕ್ನಿಕಲ್ ಗ್ರೇಡ್ ಯೂರಿಯಾ ನೂರಕ್ಕೆ 32.5 ಪಾಲು, ಉಳಿದದ್ದು ಲವಣ ತೆಗೆದ ನೀರು. ಲಾರಿಗಳಿಗೆ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದಾಗಿನಿಂದ ಇದರ ವ್ಯಾಪಾರ ಜೋರಾಯಿತು.

ಜನರೇಟರಿನ ಮಾರುಕಟ್ಟೆ ಮಾತ್ರ ನಿಜಕ್ಕೂ ಬೆಳೆಯುತ್ತಿದೆ. ಇದನ್ನು ನಾನು ದಿನಾ ನೋಡುತ್ತಿದ್ದೇನೆ. 2023ರ ಜುಲೈ 1ರಿಂದ 800 ಕಿಲೋವ್ಯಾಟ್‌ವರೆಗಿನ ಹೊಸ ಜನರೇಟರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ನಿಯಮ. 56ರಿಂದ 560 ಕಿಲೋವ್ಯಾಟ್ ಒಳಗಿನದ್ದಕ್ಕೆ ಒಂದು ಯೂನಿಟ್ ಕರೆಂಟಿಗೆ ನಾಕ್ಸ್ 0.40 ಗ್ರಾಂ ಅಷ್ಟೇ. ಮೊದಲು ಸೈಜಿನ ಪ್ರಕಾರ ಹೈಡ್ರೋಕಾರ್ಬನ್ ಸೇರಿಸಿ 4ರಿಂದ 4.7 ಗ್ರಾಂವರೆಗೂ ಬಿಡುತ್ತಿದ್ದರು. ಈ ಸೈಜಿನ ಹೊಸ ಜನರೇಟರ್ ಬಹುತೇಕ ಎಲ್ಲದರಲ್ಲೂ ಎಸ್‌ಸಿಆರ್ ಇದೆ. ಆದರೆ ಸಾರ್, ಅದು ಜನರೇಟರ್ ಕಂಪನಿಯೇ ಕೂರಿಸಿ ಕಳಿಸುವ ಯಂತ್ರ. ಹೊರಗಿನ ಏಜೆಂಟ್ ಬಂದು ಮಾರುವಂಥದ್ದಲ್ಲ. ಹಳೇ ಜನರೇಟರಿಗೆ ಹಾಕುವ ರೆಟ್ರೋಫಿಟ್ ಡಬ್ಬ ಬೇರೆ ಇದೆ, ಅದು ಮುಖ್ಯವಾಗಿ ಮಸಿ ಹಿಡಿಯೋಕೆ.

ಕೆಲಸ ಇರೋದು ಆಮೇಲೆ. ಹೋದ ತಿಂಗಳು ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಜನರೇಟರ್ ಬಿಚ್ಚಿದೆ. ಹೊಗೆ ಪೈಪಿನೊಳಗೆ ಕಲ್ಲುಸಕ್ಕರೆ ಹಾಗೆ ಬೆಳ್ಳಗೆ ಗಡ್ಡೆ ಕಟ್ಟಿತ್ತು. ನಾಝಲ್ ಬಾಯಿ ಅರ್ಧ ಮುಚ್ಚಿತ್ತು. ಉಳಿ ಇಟ್ಟು ಬಡಿದರೂ ಬರಲಿಲ್ಲ. ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ತೆಗೆದೆ. 250 ಕೆವಿಎ ಜನರೇಟರ್ ತಂದು 40 ಕೆವಿಎ ಲೋಡಿಗೆ ಓಡಿಸುತ್ತಿದ್ದರು. ಹೊಗೆ ಬಿಸಿಯೇ ಆಗಲ್ಲ. ಸುಮಾರು 200 ಡಿಗ್ರಿಗಿಂತ ಕೆಳಗಿದ್ದರೆ ಯೂರಿಯಾ ಅಮೋನಿಯಾ ಆಗದೆ ಪೈಪಿನ ಗೋಡೆಗೆ ಅಂಟುತ್ತೆ. ಜೊತೆಗೆ ಎಕ್ಸಾಸ್ಟ್ ಪೈಪು ಉದ್ದ, ಬೆಂಡು ಮೂರು, ಬಿಸಿ ಹಿಡಿದಿಡುವ ಲ್ಯಾಗಿಂಗ್ ಹೊದಿಕೆ ಇಲ್ಲ. ಇಂಥ ಕಡೆ ಪೈಪು ನೆಟ್ಟಗೆ ಎಳೆದು ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ಹೊದಿಸುವವರು ನಮಗೆ ಬೇಕು. ಬೆಂಗಳೂರಿನಿಂದ ಕರೆಸಿದರೆ ಎರಡು ದಿನದ ಕೆಲಸಕ್ಕೆ ಹದಿನೈದು ದಿನ ಕಾಯಬೇಕು.

ಡೆಫ್ ಟ್ಯಾಂಕಿನ ಸ್ಟ್ಯಾಂಡ್, ಶೆಡ್ ಕೂಡ ಕೇಳುತ್ತಾರೆ. ಮಾಡಿದರೆ ಒಂದು ನೆನಪಿಡಿ. ಡೆಫ್ ತಾಗುವ ಕಡೆ ಮೈಲ್ಡ್ ಸ್ಟೀಲ್, ಜಿಐ, ಹಿತ್ತಾಳೆ, ತಾಮ್ರ ಯಾವುದೂ ಬೇಡ. ಸ್ಟೇನ್‌ಲೆಸ್ ಇಲ್ಲವೇ ಪ್ಲಾಸ್ಟಿಕ್. ಬಿಸಿಲಿಗೂ ಇಡಬಾರದು. 35 ಡಿಗ್ರಿಯಲ್ಲಿ ಇಟ್ಟರೆ ಆರು ತಿಂಗಳಿಗೇ ಕೆಡುತ್ತೆ.

ಸ್ಟ್ಯಾಕ್ ಏಣಿ, ಕೋಲಾರ

ಅಣ್ಣಾ, ನಾನು ಲ್ಯಾಬಿನಲ್ಲಿದ್ದೇನೆ. ಚಿಮಣಿ ಹತ್ತಿ ಹೊಗೆ ಹಿಡಿದು ತರುವುದು ನನ್ನ ಕೆಲಸ. ಮಾಲೂರು, ನರಸಾಪುರ, ವೇಮಗಲ್, ಒಮ್ಮೊಮ್ಮೆ ತುಮಕೂರು.

ಏಜೆನ್ಸಿ ಬಗ್ಗೆ ಉಳಿದವರು ಹೇಳಿದ್ದಾರೆ. ನಾನು ನೀವು ಕೇಳಿದ ಕೊನೆಯ ಪ್ರಶ್ನೆಗೆ ಬರುತ್ತೇನೆ. ನಾಕ್ಸ್ ವ್ಯವಹಾರ ಶುರುವಾಗೋದೇ ಅಳತೆಯಿಂದ. ಆದರೆ ಅಳೆಯಲು ನಮಗೆ ಜಾಗವೇ ಇರುವುದಿಲ್ಲ. ನಾಕ್ಸ್ ಹಿಡಿಯುವ ಹಳೇ ಪದ್ಧತಿಯಲ್ಲಿ 2 ಲೀಟರಿನ ಗಾಜಿನ ಬುಡ್ಡಿ ಇರುತ್ತೆ. ಒಳಗೆ ಸ್ವಲ್ಪ ದ್ರಾವಣ ಹಾಕಿ, ಗಾಳಿ ಪೂರ್ತಿ ಎಳೆದು ಖಾಲಿ ಮಾಡಿ, ಅದನ್ನು ಎದೆಗೆ ಅಪ್ಪಿಕೊಂಡು ಏಣಿ ಹತ್ತಬೇಕು. ಪೋರ್ಟಿಗೆ, ಅಂದರೆ ಚಿಮಣಿಯ ಅಳತೆ ತೂತಿಗೆ ಸಿಕ್ಕಿಸಿ ಕಾಕ್ ತಿರುಗಿಸಿದರೆ ಹೊಗೆ ತಾನಾಗಿ ಒಳಗೆ ನುಗ್ಗುತ್ತೆ. ಆ ಬುಡ್ಡಿಯನ್ನು ಒಂದು ರಾತ್ರಿ ಸುಮ್ನೆ ಇಟ್ಟು ಬೆಳಿಗ್ಗೆ ನೋಡಬೇಕು. ಲ್ಯಾಬಿನಲ್ಲಿ ಹಳದಿ ಬಣ್ಣ ಬರಿಸಿ, ಎಷ್ಟು ಗಾಢ ಅಂತ ಅಳೆಯುತ್ತೇವೆ. ಹೋದ ಬೇಸಿಗೆಯಲ್ಲಿ ಒಂದು ಕಡೆ ಏಣಿಗೆ ಸುತ್ತು ಕಂಬಿಯೇ ಇರಲಿಲ್ಲ. ಒಂದು ಕೈಲಿ ಬುಡ್ಡಿ, ಒಂದು ಕೈಲಿ ಏಣಿ. ಮೇಲೆ ಹೋಗಿ ನೋಡಿದರೆ ಪೋರ್ಟಿನ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಾಗೇ ಇಳಿದು ಬಂದೆ. ಕಾಲು ನಡುಗುತ್ತಿತ್ತು.

ಪೋರ್ಟ್ ಎಲ್ಲಿ ಹಾಕಬೇಕು ಅನ್ನೋದಕ್ಕೂ ಲೆಕ್ಕ ಇದೆ. ಡಕ್ಟ್ ಚಿಮಣಿಗೆ ಸೇರುವ ಜಾಗದಿಂದ ಚಿಮಣಿ ವ್ಯಾಸದ ಎಂಟು ಪಟ್ಟು ಮೇಲೆ, ತುದಿಯಿಂದ ಎರಡು ಪಟ್ಟು ಕೆಳಗೆ. 90 ಸೆಂಟಿಮೀಟರ್ ಚಿಮಣಿ ಆದರೆ ಸೇರುವ ಜಾಗದಿಂದ 7.2 ಮೀಟರ್ ಮೇಲೆ. ಬಹಳ ಕಡೆ ಕೈಗೆ ಎಟುಕುತ್ತೆ ಅಂತ ಬೆಂಡಿನ ಪಕ್ಕದಲ್ಲೇ ತೂತು ಮಾಡಿರುತ್ತಾರೆ. ಅಲ್ಲಿ ಹೊಗೆ ಸುಳಿ ಸುತ್ತುತ್ತಿರುತ್ತೆ. ಅಲ್ಲಿ ಅಳೆದ ವೇಗ, ದೂಳು ಯಾವುದನ್ನೂ ನಂಬುವ ಹಾಗಿಲ್ಲ. 17 ಬಗೆಯ ದೊಡ್ಡ ಮಾಲಿನ್ಯದ ಕೈಗಾರಿಕೆಗಳು ಇಪ್ಪತ್ತನಾಲ್ಕು ಗಂಟೆ ಅಳೆಯುವ ಆನ್‌ಲೈನ್ ಮೀಟರ್ ಹಾಕಬೇಕು ಅಂತ 2014ರಲ್ಲೇ ಕೇಂದ್ರ ಮಂಡಳಿ ಹೇಳಿದೆ. ಆ ಮೀಟರಿಗೂ ಫ್ಲ್ಯಾಂಜ್ ಬೇಕು, ಗಟ್ಟಿ ಪ್ಲಾಟ್‌ಫಾರಂ ಬೇಕು. ನೀವು ಚಿಮಣಿ ಮಾಡುವಾಗಲೇ ಇದನ್ನು ಸರಿಯಾಗಿ ಹಾಕಿಕೊಟ್ಟರೆ ನನ್ನಂಥವರು ನಿಮ್ಮ ಹೆಸರು ಹತ್ತು ಕಡೆ ಹೇಳುತ್ತೇವೆ.

ಯೂರಿಯಾ ಲೆಕ್ಕ ಒಂದು ಕೊಡುತ್ತೇನೆ, ನಾಳೆ ಯಾರಾದರೂ ನಿಮ್ಮನ್ನು ಕೇಳಿದರೆ ಬೇಕಾಗುತ್ತೆ. ಗಂಟೆಗೆ 10,000 ಘನ ಮೀಟರ್ ಹೊಗೆ. ನಾಕ್ಸ್ ಘನ ಮೀಟರಿಗೆ 450 ಮಿಲಿಗ್ರಾಂ ಇದ್ದದ್ದನ್ನು 300 ಮಾಡಬೇಕು ಅಂದುಕೊಳ್ಳಿ. ಅಂದರೆ ಗಂಟೆಗೆ ಒಂದೂವರೆ ಕೆಜಿ ನಾಕ್ಸ್ ಕಳೆಯಬೇಕು. ಲೆಕ್ಕದ ಪ್ರಕಾರ ಸುಮಾರು 1 ಕೆಜಿ ಯೂರಿಯಾ ಸಾಕು. ಕ್ಯಾಟಲಿಸ್ಟ್ ಇಲ್ಲದೆ ನೇರ ಬೆಂಕಿಗೂಡಿಗೆ ಚಿಮುಕಿಸುವ ಎಸ್‌ಎನ್‌ಸಿಆರ್ ಪದ್ಧತಿಯಲ್ಲಿ ಅದರ ಎರಡು ಮೂರು ಪಟ್ಟು ಬೇಕು. ಅದು ಕೆಲಸ ಮಾಡೋದು 850ರಿಂದ 1,100 ಡಿಗ್ರಿ ಇರುವ ಜಾಗದಲ್ಲಿ ಮಾತ್ರ. ಕೆಳಗೆ ಹೋದರೆ ಅಮೋನಿಯಾ ಹಾಗೇ ಚಿಮಣಿಯಿಂದ ಹೊರಗೆ ಬರುತ್ತೆ, ಮೇಲೆ ಹೋದರೆ ಅಮೋನಿಯಾನೇ ನಾಕ್ಸ್ ಆಗುತ್ತೆ. ಎಸ್‌ಸಿಆರ್‌ಗೆ 300ರಿಂದ 400 ಡಿಗ್ರಿ ಸಾಕು, ನೂರಕ್ಕೆ 80-90 ಪಾಲು ಕಳೆಯುತ್ತೆ, ಆದರೆ ದುಬಾರಿ.

ಈಗ ಪಿಕ್ಲಿಂಗ್ ತೊಟ್ಟಿ. ನಿಮ್ಮ ಹುಡುಗನ ವಿಷಯ ಓದಿ ನನಗೆ ಬಹಳ ಬೇಜಾರಾಯ್ತು. ನಮ್ಮ ಮೂರು ಜಿಲ್ಲೆಯಲ್ಲಿ ನಾಕ್ಸ್ ಕಣ್ಣಿಗೆ ಕಾಣುವುದು ಇಂಥ ಸಣ್ಣ ಶೆಡ್ಡುಗಳಲ್ಲೇ. ಎಸ್‌ಸಿಆರ್ ಮಾರುವವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿನವರು ನೀರು ಚಿಮುಕಿಸುವ ಸ್ಕ್ರಬರ್ ಹಾಕಿಸಿರುತ್ತಾರೆ. ಕಂದು ಹೊಗೆಯ ಸ್ವಲ್ಪ ಪಾಲು ನೀರಿಗೆ ಇಳಿಯುತ್ತೆ. ಬಣ್ಣ ಇಲ್ಲದ ನೈಟ್ರಿಕ್ ಆಕ್ಸೈಡ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಹೊರಗೆ ಬಂದು ಗಾಳಿ ಸೇರಿದ ಮೇಲೆ ಮತ್ತೆ ಕಂದು ಆಗುತ್ತೆ. ಅದಕ್ಕೇ ಮೊದಲು ತೊಟ್ಟಿಯಲ್ಲೇ ತಡೆಯಬೇಕು. ಆಸಿಡ್ ದ್ರಾವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಇಲ್ಲವೇ ಯೂರಿಯಾ ಸೇರಿಸಿದರೆ ಹೊಗೆ ಏಳುವುದೇ ಕಮ್ಮಿಯಾಗುತ್ತೆ. ಎಷ್ಟು, ಹೇಗೆ ಅನ್ನೋದನ್ನು ಕೆಮಿಸ್ಟ್ ಇಟ್ಟುಕೊಂಡೇ ಮಾಡಬೇಕು. ಆಮೇಲೆ ಹುಡ್ ತೊಟ್ಟಿಯ ಅಂಚಿಗೆ ಹತ್ತಿರ ಇರಬೇಕು. ತಲೆ ಮೇಲಿದ್ದರೆ ಹೊಗೆ ಮನುಷ್ಯನ ಮುಖದ ಮುಂದೆ ಹಾದೇ ಹೋಗುತ್ತೆ. ಡಕ್ಟ್ ಆಸಿಡ್ ತಡೆಯುವ ಪಿಪಿ ಪ್ಲಾಸ್ಟಿಕ್ ಇಲ್ಲವೇ ಫೈಬರಿನ ಎಫ್‌ಆರ್‌ಪಿ. ಮೈಲ್ಡ್ ಸ್ಟೀಲ್ ಹಾಕಿದ್ದಕ್ಕೇ ಅಲ್ಲಿ ತೂತು ಬಿದ್ದಿರಬೇಕು. ಕೊನೆಗೆ ಎರಡು ಹಂತದ ಸ್ಕ್ರಬರ್. ಮೊದಲ ಹಂತದಲ್ಲಿ ಕರಗದ್ದನ್ನು ಕರಗುವಂತೆ ಮಾಡುವ ಔಷಧಿ, ಎರಡನೆಯದರಲ್ಲಿ ಕಾಸ್ಟಿಕ್ ಸೋಡಾ.

ತಗಡು ಬಲ್ಲವರಿಗೆ ಪಿಪಿ ವೆಲ್ಡಿಂಗ್ ಕಲಿಯಲು ತಿಂಗಳು ಸಾಕು ಅಣ್ಣಾ. ಬಿಸಿಗಾಳಿ ಗನ್ನು, ಪಿಪಿ ಕಡ್ಡಿ, ಅಷ್ಟೇ ಸಾಮಾನು.

ಅಂತರಸನಹಳ್ಳಿ ಶೀಟ್‌ಮೆಟಲ್

ಹತ್ತು ದಿನ ಆಯ್ತು ಬರೆದು. ಏಜೆನ್ಸಿ ಬೇಡ ಅಂತ ಹೇಳಿ ಕಳಿಸಿದೆ. ಸೈಟ್ ಹಾಗೇ ಇದೆ.

ಗೌರಿಬಿದನೂರಿನ ಸಾರ್ ಜೊತೆ ಮಾತಾಡಿದೆ. ಎರಡು ಜನರೇಟರಿನ ಎಕ್ಸಾಸ್ಟ್ ಲ್ಯಾಗಿಂಗ್ ಒಪ್ಪಿಕೊಂಡಿದ್ದೇವೆ. ಬಿಸಿಗಾಳಿ ಗನ್ನು ತಂದಿದ್ದೇನೆ. ಮೊದಲ ಮೂರು ದಿನ ಪಿಪಿ ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಗನ್ನಿನ ಬಿಸಿ ಇಳಿಸಿ, ಕಡ್ಡಿಯನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಒತ್ತಿದರೆ ಎರಡೂ ಕಡೆ ಸಣ್ಣ ದಾರದ ಹಾಗೆ ಉಬ್ಬಿ ಬರುತ್ತೆ. ಹಾಗೆ ಬಂದರೆ ಅಂಟಿದೆ ಅಂತ ಅರ್ಥ. ಇದನ್ನು ಕಂಡುಹಿಡಿದದ್ದು ನಮ್ಮ ಹುಡುಗನೇ. ಕೂತು ಮಾಡುವ ಕೆಲಸ, ಏಣಿ ಹತ್ತುವ ಹಾಗಿಲ್ಲ. ಬಾಗಿಲ ಹತ್ತಿರ ಬೆಂಚು ಹಾಕಿ, ಹಿಂದೆ ಎಕ್ಸಾಸ್ಟ್ ಫ್ಯಾನ್ ಇಟ್ಟಿದ್ದೇನೆ.

ಆ ಪಿಕ್ಲಿಂಗ್ ಶೆಡ್ಡಿಗೂ ಹೋಗಿದ್ದೆ. ಮಾಲೀಕರ ಎದುರು ಕೂತು ಎಲ್ಲಾ ಹೇಳಿದೆ. ಅವರೂ ಆ ದಿನದಿಂದ ನಿದ್ದೆಗೆಟ್ಟವರೇ. ಹುಡ್, ಸ್ಕ್ರಬರ್ ಎರಡಕ್ಕೂ ಕೊಟೇಶನ್ ಕೇಳಿದ್ದಾರೆ. ಡ್ರಾಯಿಂಗ್ ಹಾಕಿದ್ದೇನೆ. ಕೋಲಾರದ ಮೇಡಂ, ಒಂದು ಸಲ ನೀವು ನೋಡಬೇಕು. ಸ್ಕ್ರಬರ್ ಆದ ಮೇಲಿನ ಪೈಪಿಗೆ ಪೋರ್ಟ್ ಎಷ್ಟು ಇಂಚಿನದು ಇಡಲಿ?

ಸ್ಟ್ಯಾಕ್ ಏಣಿ, ಕೋಲಾರ

4 ಇಂಚು ಇಡಿ ಅಣ್ಣಾ. ಫ್ಲ್ಯಾಂಜ್ ಜೊತೆ ಕುರುಡು ಮುಚ್ಚಳ ಬೇಕು, ಬೋಲ್ಟ್ ಸ್ಟೇನ್‌ಲೆಸ್‌ನದ್ದು. ಒಂದಕ್ಕೊಂದು 90 ಡಿಗ್ರಿಯಲ್ಲಿ ಎರಡು ಪೋರ್ಟ್. ಸ್ಕ್ರಬರಿಗೆ ಮುಂಚೆಯೂ ಒಂದು ಇರಲಿ, ಎಷ್ಟು ಬಂತು ಎಷ್ಟು ಉಳಿಯಿತು ಅಂತ ಗೊತ್ತಾಗಬೇಕಲ್ಲ. ಬುಧವಾರ ವಸಂತನರಸಾಪುರದಲ್ಲಿ ನನಗೆ ಕೆಲಸ ಇದೆ. ಮಧ್ಯಾಹ್ನ ಎರಡಕ್ಕೆ ನಿಮ್ಮ ಶೆಡ್ಡಿಗೆ ಬರುತ್ತೇನೆ, ಡ್ರಾಯಿಂಗ್ ಅಲ್ಲೇ ನೋಡೋಣ.